ಒಂಬತ್ತು ದೇಶ, ಒಂದು ಬಚ್ಚಲೊಲೆ

ನಮ್ಮ ಮನೆಯ ಬಚ್ಚಲೊಲೆ ಇರಬೇಕೋ ಬೇಡವೋ ಎಂದು ಒಂದು ಭಾನುವಾರ ಸಂಜೆ ಒಂಬತ್ತು ದೇಶದವರು ಮತ ಹಾಕಿದರು. ಆ ಒಲೆಗೆ ಇಪ್ಪತ್ತಾರು ವರ್ಷ ಬೆಂಕಿ ಹಾಕಿದವಳು ನಾನು. ನನಗೆ ಮತ ಇರಲಿಲ್ಲ.

ಇದನ್ನು ಮಾರನೆಯ ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಪಕ್ಕದ ಕುರ್ಚಿಯ ಮೇಡಮ್ಮು ತಿಂಡಿ ಡಬ್ಬಿ ಮುಚ್ಚಿ, "ನಮ್ಮನೇಲಿ ಗಂಡನೇ ನನ್ ಮಾತಿಗ್ ಓಟ್ ಹಾಕಲ್ಲ. ನಿಮ್ದು ಫಾರಿನ್ನೋರ್ ತನಕ ಹೋಗಿದ್ಯಲ್ಲ, ವಾಸಿ ಬುಡಿ" ಎಂದರು. ಸಮಾಧಾನವೋ ಕುಹಕವೋ ತಿಳಿಯಲಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಎರಡೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ.

ನಮ್ಮ ಮನೆ ಗುಬ್ಬಿಯ ಅಂಚಿನಲ್ಲಿದೆ. ಹಿತ್ತಲಿಗೆ ಅಂಟಿಕೊಂಡು ಸ್ವಲ್ಪ ತೆಂಗು. ಮನೆಯಲ್ಲಿ ನಾಲ್ಕು ಜನ: ಪ್ರೈಮರಿ ಶಾಲೆಯ ಟೀಚರಾದ ನಾನು, ನನ್ನ ಯಜಮಾನರು, ಅವರ ತಾಯಿ, ಮತ್ತು ಬೆಳಗಿನ ರೈಲಿಗೆ ತುಮಕೂರಿಗೆ ಹೋಗಿ ಬಿಎಸ್ಸಿ ಓದುವ ಮಗಳು. ಯಜಮಾನರಿಗೆ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ. ಆಕಾಶಕ್ಕೆ ಹಾರುವ ಯಂತ್ರ ಮಾಡುವ ಕಡೆ ಕೆಲಸ ಮಾಡುವವರ ಮನೆಯಲ್ಲಿ ಒಂದು ಹಂಡೆ ನೀರು ಕಾಯಿಸಲು ನಾನು ನೆಲಕ್ಕೆ ಮೂತಿ ಇಟ್ಟು ಊದಬೇಕಾಗಿತ್ತು. ಈ ಮಾತನ್ನು ನಾನು ಅವರಿಗೆ ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಿದ್ದೆ. ಅವರು ಪೇಪರ್ ಮಡಿಸಿ, "ನೋಡಣ ಬುಡು" ಎನ್ನುತ್ತಿದ್ದರು.

ಬಚ್ಚಲೊಲೆ ಹಚ್ಚುವುದು ಎಂದರೆ ಬೆಂಕಿಕಡ್ಡಿ ಗೀರುವುದು ಎಂದುಕೊಂಡವರಿಗೆ ನಾಲ್ಕು ಮಾತು ಹೇಳಬೇಕು. ಬೆಳಿಗ್ಗೆ ಐದಕ್ಕೆ ಏಳಬೇಕು. ಹಿಂದಿನ ದಿನದ ಬೂದಿ ಎಳೆಯಬೇಕು. ಮೊದಲು ತೆಂಗಿನ ಒಣ ಸೋಗೆ, ಅದು ಹತ್ತಿದ ಮೇಲೆ ಕಾಯಿ ಸುಲಿದ ಮಟ್ಟೆ, ಮಟ್ಟೆ ಕೆಂಡವಾದ ಮೇಲೆ ಕರಟ. ಈ ವರಸೆ ತಪ್ಪಿದರೆ ಹೊಗೆ ಬಿಟ್ಟು ಇನ್ನೇನೂ ಹುಟ್ಟುವುದಿಲ್ಲ. ನಡುವೆ ಊದುಕೊಳವೆ ಹಿಡಿದು ಊದುತ್ತಿರಬೇಕು. ಕಣ್ಣು ಕೆಂಪಾಗಿ, ತಲೆಗೂದಲಲ್ಲಿ ಬೂದಿ ಕೂತು, ನಾನು ಶಾಲೆಗೆ ಹೋದರೆ ಒಂದನೇ ಕ್ಲಾಸಿನ ಮಕ್ಕಳು, "ಮಿಸ್, ಅಳ್ತಿದ್ರಾ?" ಎಂದು ಕೇಳುತ್ತಿದ್ದರು. ಸಂಜೆ ಮತ್ತೊಂದು ಸುತ್ತು, ಅತ್ತೆಯ ಮಂಡಿನೋವಿಗೆ ಬಿಸಿನೀರು ಹಾಕಬೇಕಲ್ಲ.

ಅಂತೂ ಆ ವರ್ಷ ಯಜಮಾನರು ಗೀಸರಿನ ಪೆಟ್ಟಿಗೆಯೊಂದನ್ನು ತಂದು ಹಾಲಿನ ಮೂಲೆಯಲ್ಲಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಅವರ ಮೇಲೆ ಅಷ್ಟು ಪ್ರೀತಿ ನನಗೆ ಬಂದಿದ್ದು ಅಪರೂಪ. ಇನ್ನು ಪ್ಲಂಬರ್ ಬರಬೇಕು, ಒಲೆ ಕೆಡವಬೇಕು, ಗೋಡೆಗೆ ಪೈಪು ಎಳೆಯಬೇಕು, ನಾನು ಸ್ವಿಚ್ಚು ಒತ್ತಬೇಕು. ಅತ್ತೆ ಮಾತ್ರ ಪೆಟ್ಟಿಗೆಯ ಕಡೆ ಮುಖ ತಿರುಗಿಸಿ ಕೂತರು. "ಕರೆಂಟ್ ನೀರು ಮೈಗ್ ಹತ್ತಲ್ಲ ಕಣಮ್ಮ. ಒಲೆ ನೀರು ಮೂಳೆ ಒಳಗ್ ಹೋಗ್ತದೆ" ಎಂದರು. ಹೋಗುತ್ತದೆ, ನಿಜ. ನನ್ನ ಮೂಳೆಯೊಳಗೆ ಹೊಗೆಯೂ ಹೋಗಿದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಪ್ಲಂಬರ್ "ನಾಳೆ ಬರ್ತೀನಿ ಮೇಡಮ್" ಎಂದು ದಿನ ತಳ್ಳುತ್ತಿದ್ದಾಗಲೇ ನಮ್ಮ ಮನೆಗೆ ಜಗತ್ತು ನುಗ್ಗಿತು. ಮಗಳ ಕಾಲೇಜಿನ ಲೆಕ್ಚರರೊಬ್ಬರು ಇವಳ ಇಂಗ್ಲಿಷ್ ಪರವಾಗಿಲ್ಲ ಎಂದು ಯಾವುದೋ ಆನ್‌ಲೈನ್ ಗುಂಪಿಗೆ ಹೆಸರು ಕೊಟ್ಟಿದ್ದರು. ಒಂಬತ್ತು ದೇಶದಿಂದ ಒಬ್ಬೊಬ್ಬರು, ಎಲ್ಲ ಇಪ್ಪತ್ತರ ಆಸುಪಾಸಿನವರು. ಪ್ರತಿ ಭಾನುವಾರ ಸಂಜೆ ಆರೂವರೆಗೆ ಸೇರಿ, ಹವಾಮಾನ ಕೆಡುತ್ತಿರುವುದಕ್ಕೆ ತಂತಮ್ಮ ಊರಿನಲ್ಲಿ ಏನು ಪರಿಹಾರವಿದೆ ಎಂದು ಮಾತಾಡಬೇಕು.

"ಭೂಮಿ ಬಿಸಿ ಏರ್ತಾ ಇದೆ ಅಮ್ಮ. ಅದನ್ನ ತಡೆಯೋದ್ ಹೆಂಗೆ ಅಂತ ಡಿಸ್ಕಸ್ ಮಾಡ್ತೀವಿ" ಎಂದಳು.

"ಇಲ್ಲಿ ಹಂಡೆ ನೀರು ಬಿಸಿ ಏರ್ತಾ ಇಲ್ಲ. ಅದಕ್ಕೇನಾದ್ರೂ ಗೊತ್ತಾ ಕೇಳು ಅವ್ರನ್ನ" ಎಂದೆ. ಅವಳು ನಗಲಿಲ್ಲ. ಭೂಮಿಯ ವಿಷಯದಲ್ಲಿ ಆ ವಯಸ್ಸಿನವರು ನಗುವುದಿಲ್ಲ. ಅದು ಅವರ ತಪ್ಪೂ ಅಲ್ಲ. ನಾವು ಉಂಡೆದ್ದ ಎಲೆಯನ್ನು ಎತ್ತಬೇಕಾದವರು ಅವರು ತಾನೆ.

ಮೊದಲ ಎರಡು ಭಾನುವಾರ ಹಾಲಿನಲ್ಲಿ ಮೀಟಿಂಗು ನಡೆಯಿತು. ಗೋಡೆಯ ಕ್ಯಾಲೆಂಡರ್ ಇಳಿಸಿ, ಅಲ್ಲಿಗೆ ನನ್ನ ಒಳ್ಳೆ ಬೆಡ್‌ಶೀಟೊಂದನ್ನು ಪಿನ್ನು ಹೊಡೆದು ಕಟ್ಟಿದಳು. ನಾವ್ಯಾರೂ ಹಿಂದೆ ಓಡಾಡಬಾರದು, ಕುಕ್ಕರ್ ಕೂಗಿಸಬಾರದು. ಅತ್ತೆಗೆ ಈ ಕಾನೂನು ಅರ್ಥವಾಗಲಿಲ್ಲ. "ಯಾರ್ ಬಂದವ್ರೆ?" ಎಂದು ಕೇಳಿದರು. ಯಾವ ಯಾವುದೋ ದೇಶದವರು ಫೋನಿನಲ್ಲಿ ಬಂದಿದ್ದಾರೆ ಎಂದೆ. "ಬಂದೋರ್‌ನ ಊಟ ಆಯ್ತಾ ಅಂತ ಕೇಳ್ಬಾರ್ದೇನೇ ಹುಡ್ಗಿ?" ಎಂದು ಮಂಚದಿಂದಲೇ ಗದರಿದರು. ಮಗಳು ಹಲ್ಲು ಕಚ್ಚಿಕೊಂಡು ಕೇಳಿದಳು. ಒಂದೊಂದು ದೇಶದಲ್ಲಿ ಒಂದೊಂದು ಹೊತ್ತು. ಒಬ್ಬರಿಗೆ ತಿಂಡಿ ಆಗಿತ್ತು, ಒಬ್ಬರಿಗೆ ರಾತ್ರಿಯೂಟವೇ ಮುಗಿದಿತ್ತು. ಅದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಭೂಮಿ ಅಷ್ಟು ಹೊತ್ತು ಕಾಯಿತು.

ಮೂರನೇ ಭಾನುವಾರ ಮೀಟಿಂಗಿನ ನಡುವೆ ಕರೆಂಟು ಹೋಯಿತು. ವೈಫೈ ಸತ್ತಿತು. ಮೊಬೈಲಿನ ಸಿಗ್ನಲ್ಲು ನಮ್ಮ ಮನೆಯಲ್ಲಿ ಸಿಗುವುದು ಒಂದೇ ಕಡೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೂ ಬಚ್ಚಲುಮನೆಗೂ ಮಧ್ಯೆ. ಮಗಳು ಫೋನು ಹಿಡಿದು ಅಲ್ಲಿಗೆ ಓಡಿ ಬಂದಳು. ಸೀರೆ ಎತ್ತಿ ಸಿಕ್ಕಿಸಿಕೊಂಡು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುತ್ತಿದ್ದ ನಾನು ಅವಳ ಬೆನ್ನ ಹಿಂದೆ ಕಾಣಿಸಿದ್ದೇನೆ. ಫಿನ್‌ಲ್ಯಾಂಡಿನ ಹುಡುಗಿ ಗಾಬರಿಯಾಗಿ, ನಿನ್ನ ಹಿಂದೆ ಏನೋ ಹೊತ್ತಿಕೊಂಡಿದೆ, ಯಾರೋ ಹೆಂಗಸು ಅಪಾಯದಲ್ಲಿದ್ದಾರೆ ಎಂದಳಂತೆ.

ಮಗಳಿಗೆ ಮೊದಲು ನಾಚಿಕೆಯಾಯಿತು. ಗೆಳತಿಯರು ಬಂದರೆ ಹಿತ್ತಲಿನ ಬಾಗಿಲು ಮುಚ್ಚುವವಳು ಅವಳು. ಆದರೆ ಜಾಣೆ. ಕ್ಯಾಮೆರಾ ತಿರುಗಿಸಿ ಒಲೆ ತೋರಿಸಿದಳು. ನಮ್ಮ ಮರದಿಂದಲೇ ಬಿದ್ದ ಸೋಗೆ, ನಾವೇ ಸುಲಿದ ಕಾಯಿಯ ಮಟ್ಟೆ, ಒಂದು ಕಡ್ಡಿಯೂ ಅಂಗಡಿಯಿಂದ ತಂದಿದ್ದಲ್ಲ, ಬೂದಿ ಪಾತ್ರೆ ತಿಕ್ಕುವುದಕ್ಕೂ ಬದನೆ ಗಿಡಕ್ಕೂ, ಬಚ್ಚಲ ನೀರು ಬಾಳೆಬುಡಕ್ಕೆ. "ನಾವು ತಲೆಮಾರುಗಳಿಂದ ಹೀಗೇ ನೀರು ಕಾಯಿಸುತ್ತೇವೆ" ಎಂದಳು. ಎಂಟು ದೇಶದವರು ಚಪ್ಪಾಳೆ ತಟ್ಟಿದರು. ಇಷ್ಟು ದಿನ ನಾನು ಕಸಕಡ್ಡಿ ಎಂದುಕೊಂಡಿದ್ದು ಅವತ್ತು ಪರಿಹಾರವಾಯಿತು.

ಸುಳ್ಳೇಕೆ ಹೇಳಲಿ, ನನಗೂ ಹಿಗ್ಗಾಯಿತು. ಮುಂದಿನ ವಾರ ಅವರು ಒಲೆ ನೋಡಬೇಕು ಎಂದಾಗ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಊದಿದೆ. ಊದುಕೊಳವೆಯನ್ನು ಕೊಳಲಿನ ಹಾಗೆ ಹಿಡಿದು ಫೋಟೋಕ್ಕೂ ನಿಂತೆ. ಆ ಫೋಟೋ ಯಾವ ಯಾವ ದೇಶಕ್ಕೆ ಹೋಯಿತೋ ದೇವರಿಗೇ ಗೊತ್ತು. ಅತ್ತೆಯಂತೂ, "ನೋಡ್ದೇನಮ್ಮ, ಫಾರಿನ್ನೋರ್‌ಗೂ ಗೊತ್ತು ಒಲೆ ನೀರಿನ ಬೆಲೆ" ಎಂದು ವಾರವಿಡೀ ನನಗೆ ಚುಚ್ಚಿದರು.

ಅದರ ಮುಂದಿನ ಭಾನುವಾರ ಮಗಳು ಅವರಿಗೆ ಗೀಸರಿನ ವಿಷಯ ಹೇಳಿಬಿಟ್ಟಳು. ಅಮ್ಮ ಒಲೆ ಕೆಡವಿಸುತ್ತಿದ್ದಾಳೆ ಎಂದಳು. ಯಾರೋ ಸತ್ತ ಸುದ್ದಿ ಕೇಳಿದ ಹಾಗೆ ಎಲ್ಲರೂ ಮುಖ ಇಳಿಬಿಟ್ಟರು. ನಾನು ಪಕ್ಕದ ಕಲ್ಲಿನ ಮೇಲೆ ಸೊಪ್ಪು ಬಿಡಿಸುತ್ತಿದ್ದೆ. ಗಂಭೀರವಾಗಿ ಚರ್ಚೆ ನಡೆಯಿತು. ಬ್ರೆಜಿಲ್ಲಿನ ಹುಡುಗ ಸೋಲಾರ್ ಹಾಕಿಸಿ ಎಂದ. ಒಳ್ಳೇ ಮಾತೇ. ಆದರೆ ನಮ್ಮ ಸೂರಿನ ಮೇಲೆ ಮೂರು ತೆಂಗಿನಮರ ಬಾಗಿವೆ. ಬಿಸಿಲು ಬೀಳುವ ಮೊದಲು ಕಾಯಿ ಬೀಳುತ್ತದೆ. ಕೊನೆಗೆ ಓಟಿಗೆ ಹಾಕೋಣ ಎಂದರು.

ಓಟಿನ ಮೊದಲು ಕೀನ್ಯಾದ ಹುಡುಗಿ ಏನೋ ಕೇಳಿದಳು. ಮಗಳು ಓರೆಗಣ್ಣಲ್ಲಿ ನನ್ನ ಕಡೆ ನೋಡಿದಳು.

"ಏನಂತೆ?" ಎಂದೆ.

"ಏನಿಲ್ಲ."

"ಏನಿಲ್ದೆ ಅಷ್ಟುದ್ದ ಮಾತಾಡ್ತಾಳೇನೇ? ಹೇಳು."

"ಒಲೆ ಹಚ್ಚೋದ್ ಯಾರು ಅಂತ ಕೇಳ್ತಾಳೆ. ಅವ್ರ ಮನೇಲಿ ಅವ್ರಮ್ಮ ಹಚ್ತಾರಂತೆ, ಕೆಮ್ಮು ಬಂದಿದೆಯಂತೆ. ಅದಕ್ಕೆ ಕೇಳಿದ್ದು."

ಆ ಹುಡುಗಿಯ ಮುಖವನ್ನು ನಾನು ಫೋನಿನ ಹತ್ತಿರ ಹೋಗಿ ನೋಡಿದೆ. ಪುಟ್ಟ ಕಿವಿಯೋಲೆ, ದೊಡ್ಡ ಕಣ್ಣು. ನನ್ನ ಮನೆಯಲ್ಲಿ ನನ್ನ ಮಗಳಿಗೆ ಹೊಳೆಯದ ಪ್ರಶ್ನೆ ಅಷ್ಟು ದೂರದಿಂದ ಬಂತಲ್ಲ ಎಂದುಕೊಂಡೆ. ಆದರೆ ಪ್ರಶ್ನೆ ಕೇಳಿದವರು ಓಟು ಗೆಲ್ಲುವುದಿಲ್ಲ. ಒಲೆ ಉಳಿಯಲಿ ಎಂದು ಆರು, ಸೋಲಾರಿಗೆ ಒಂದು, ಗೀಸರಿಗೆ ಒಂದು. ಇನ್ನೊಬ್ಬನ ಪರದೆ ಬಾಯಿ ತೆರೆದ ಹಾಗೇ ನಿಂತುಹೋಗಿತ್ತು, ಅವನದು ಲೆಕ್ಕಕ್ಕಿಲ್ಲ. ಗೀಸರಿನ ಒಂದು ಓಟು ಕೀನ್ಯಾದ್ದು. ಒಲೆಯ ಆರರಲ್ಲಿ ಒಂದು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು.

ನನಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತದೆ. ಫೋನು ಕಿತ್ತುಕೊಂಡೆ. ಕಾಲ, ವಚನ ಯಾವುದನ್ನೂ ನೋಡದೆ, ನಾಲ್ಕನೇ ಕ್ಲಾಸಿಗೆ ಪಾಠ ಮಾಡುವ ಗಂಟಲಿನಲ್ಲಿ ಹೇಳಿದೆ: ಯಾರು ಓಟು ಹಾಕಿದರೋ ಅವರೇ ಊದಲಿ. ನೀವು ದೂರ ಇದ್ದೀರಿ, ನಿಮ್ಮ ಪರವಾಗಿ ನನ್ನ ಮಗಳು ಊದುತ್ತಾಳೆ. ನಿಮ್ಮ ಕೊನೆಯ ಮೀಟಿಂಗು ಇನ್ನು ಎರಡು ವಾರಕ್ಕೆ. ಅಲ್ಲಿಯವರೆಗೆ ಬೆಳಿಗ್ಗೆ, ಸಂಜೆ ಒಲೆ ಅವಳದು. ತಪ್ಪದೆ ನೀರು ಕಾಯಿಸಿದರೆ ಗೀಸರಿನ ಪೆಟ್ಟಿಗೆ ಅಂಗಡಿಗೆ ವಾಪಸ್ಸು. ಒಂದು ಹೊತ್ತು ತಪ್ಪಿದರೂ ಪ್ಲಂಬರ್ ಬರುತ್ತಾನೆ.

ಕೀನ್ಯಾದ ಹುಡುಗಿ ಒಬ್ಬಳೇ ಜೋರಾಗಿ ನಕ್ಕಳು. ಮಗಳು ಮೂಗಿನ ಹೊಳ್ಳೆ ಅರಳಿಸಿ, "ಆಯ್ತು. ಅದೇನ್ ದೊಡ್ ವಿಷ್ಯ?" ಎಂದಳು. ಆ ಮೂಗು ನನ್ನದೇ.

ಮೊದಲ ದಿನ ಐದಕ್ಕೆ ಅಲಾರಾಂ ಬಡಿಯಿತು. ಅತ್ತೆ ಎದ್ದರು, ಯಜಮಾನರು ಎದ್ದರು, ನಾನಂತೂ ಎದ್ದೇ ಇದ್ದೆ, ಮಗಳೊಬ್ಬಳು ಏಳಲಿಲ್ಲ. ಆರಕ್ಕೆ ಎದ್ದು ಓಡಿದಳು. ಒಲೆ ಬಾಯಿಗೆ ಮೊದಲೇ ಕರಟ ತುಂಬಿ, ಮೇಲೆ ಮಟ್ಟೆ ಇಟ್ಟು, ತುದಿಗೆ ಸೋಗೆ ಸಿಕ್ಕಿಸಿದ್ದಳು. ಎಲ್ಲ ತಲೆಕೆಳಗು. ಹಿತ್ತಲೆಲ್ಲ ಹೊಗೆ ತುಂಬಿ ಆಚೆಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಸೊಳ್ಳೆಗ್ ಹಾಕಿದೀರಾ?" ಎಂದರು. ಅವತ್ತು ಮಗಳು ಉಗುರುಬೆಚ್ಚಗಿನ ನೀರಲ್ಲೇ ಮಿಂದು ರೈಲು ಹಿಡಿದಳು. "ಬಿಸಿಯಾಗಿತ್ತಾ?" ಎಂದೆ. "ಆಗಿತ್ತು" ಎಂದಳು. ಮೈ ನಡುಗುತ್ತಿತ್ತು.

ಅತ್ತೆ ಮಂಚವನ್ನು ಹಿತ್ತಲ ಬಾಗಿಲಿಗೆ ಹಾಕಿಸಿಕೊಂಡು ಮೇಲ್ವಿಚಾರಣೆಗೆ ನಿಂತರು. "ಊದೇ ಊದು. ಬಾಯಿಂದ ಅಲ್ಲ, ಹೊಟ್ಟೆಯಿಂದ ಊದ್ಬೇಕು. ಏನ್ ಓದಿದ್ದೀಯೋ ಏನೋ!" ಮಗಳು ಫೋನಿನಲ್ಲಿ ಒಲೆ ಹಚ್ಚುವ ವಿಡಿಯೋ ಹುಡುಕಿ ನೋಡಿದಳು. ಅದರಲ್ಲಿ ಯಾರೋ ದಾಡಿಯವನು ಹಿಮದ ಕಾಡಿನಲ್ಲಿ ಬೆಂಕಿ ಮಾಡುತ್ತಿದ್ದ. ಅವನಿಗೆ ಹಂಡೆ ಇರಲಿಲ್ಲ, ಅಜ್ಜಿಯೂ ಇರಲಿಲ್ಲ.

ನನ್ನ ಪಾಡು ಬೇರೆ. ಐದಕ್ಕೆ ಎಚ್ಚರವಾಗಿ, ಕೆಲಸವಿಲ್ಲದೆ, ಸೂರು ನೋಡುತ್ತಾ ಮಲಗಿರುತ್ತಿದ್ದೆ. ಅವಳು ಕೆಮ್ಮಿದ್ದು ಕೇಳಿಸಿದರೆ ಎದ್ದು ಹೋಗಬೇಕೆನಿಸುತ್ತಿತ್ತು. ಹೋದರೆ ಸೋತ ಹಾಗೆ. ಹೊದಿಕೆ ಎಳೆದುಕೊಳ್ಳುತ್ತಿದ್ದೆ.

ಆರನೇ ದಿನಕ್ಕೆ ವಿಚಿತ್ರ ನಡೆಯಿತು. ಹುಡುಗಿ ಕಲಿತಳು. ರಾತ್ರಿಯೇ ಬೂದಿ ಎಳೆದಿಟ್ಟು, ಸೋಗೆಯನ್ನು ಕಟ್ಟು ಕಟ್ಟಿಟ್ಟು ಮಲಗುವ ಬುದ್ಧಿ ಬಂತು. ಹತ್ತನೇ ದಿನಕ್ಕೆ ಆರೂಕಾಲಿಗೆಲ್ಲ ನೀರು ಕುದಿಯತೊಡಗಿತು. ಕಣ್ಣು ಕೆಂಪು, ಕೂದಲಲ್ಲಿ ಬೂದಿ, ಆದರೆ ನೀರು ಬಿಸಿ. ಯಜಮಾನರು ಮೈ ಒರೆಸಿಕೊಳ್ಳುತ್ತಾ, "ನಿನಗಿಂತ ಚೆನ್ನಾಗ್ ಕಾಯಿಸ್ತಾಳೆ ಕಣೇ" ಎಂದರು. ಹಾಲಿನ ಮೂಲೆಯಲ್ಲಿದ್ದ ಪೆಟ್ಟಿಗೆ ನನ್ನ ಕೈ ಬಿಟ್ಟು ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಮಗಳು ಗೆದ್ದರೆ ಮುಂದೆ ಊದುವವರು ಯಾರು? ಪರೀಕ್ಷೆ ಬರುತ್ತದೆ, ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ. ಒಲೆ ಮತ್ತೆ ನನ್ನ ಕೊರಳಿಗೇ.

ಆದ್ದರಿಂದ ನಾನು ಒಂದು ತಪ್ಪು ಮಾಡಿದೆ. ಕೊನೆಯ ಶನಿವಾರ ಮಧ್ಯಾಹ್ನ ಮೋಡ ಕಟ್ಟಿತು. ಹಿತ್ತಲಲ್ಲಿ ಸೋಗೆ, ಮಟ್ಟೆ ರಾಶಿ ಬಿದ್ದಿತ್ತು, ಟಾರ್ಪಾಲು ಪಕ್ಕದಲ್ಲೇ ಸುತ್ತಿಟ್ಟಿತ್ತು. ಇಪ್ಪತ್ತಾರು ವರ್ಷ ಮೊದಲ ಹನಿ ಬೀಳುವ ಮುಂಚೆ ಓಡಿ ಹೋಗಿ ಮುಚ್ಚಿದ ಕೈ ಇದು. ಅವತ್ತು ಆ ಕೈಯಲ್ಲಿ ಟೀ ಲೋಟ ಹಿಡಿದು ಅಡಿಗೆಮನೆಯ ಕಿಟಕಿಯಲ್ಲಿ ನಿಂತೆ. ಈಗ ಅದು ಅವಳ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಮಳೆ ಧೋ ಎಂದು ಸುರಿಯಿತು. ಟೀ ಕುಡಿದು ಮುಗಿಸಿದೆ. ಮಕ್ಕಳಿಗೆ ನೀತಿಪಾಠ ಹೇಳುವ ಹೆಂಗಸು ಮಾಡುವ ಕೆಲಸವಲ್ಲ ಅದು, ಗೊತ್ತಿದೆ.

ಅಂದು ಸಂಜೆಯೂ ಭಾನುವಾರ ಬೆಳಿಗ್ಗೆಯೂ ಒಲೆಯ ಪಕ್ಕದಲ್ಲಿದ್ದ ಅಷ್ಟಿಷ್ಟು ಒಣ ಮಟ್ಟೆಯಲ್ಲಿ ಮಗಳು ಹೇಗೋ ಸುಧಾರಿಸಿದಳು. ಅಷ್ಟರಲ್ಲಿ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಫೋನು ಬಂತು. ಅತ್ತೆಯ ದೊಡ್ಡಮ್ಮನ ಮಗ ತೀರಿಕೊಂಡಿದ್ದರು. ತುಂಬು ವಯಸ್ಸು, ಮೊಮ್ಮಕ್ಕಳ ಮದುವೆ ನೋಡಿದ ಜೀವ. ಯಜಮಾನರು ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಹೋಗುವಾಗ ಅತ್ತೆ ಮೊಮ್ಮಗಳಿಗೆ, "ಸಾವಿನ ಮನೆಗ್ ಹೋಗಿ ಬರ್ತೀವಿ. ತಲೆ ಮೇಲ್ ನೀರ್ ಬೀಳೋಗಂಟ ಒಳಗ್ ಬರಂಗಿಲ್ಲ. ಆರೂವರೆಗ್ ಬಿಸ್ನೀರ್ ರೆಡಿ ಇರ್ಬೇಕು" ಎಂದು ಹೇಳಿದರು.

ಆರೂವರೆಗೇ ಕೊನೆಯ ಮೀಟಿಂಗು. ಒಲೆ ಹಚ್ಚುವುದನ್ನು ನೇರವಾಗಿ ತೋರಿಸುತ್ತೇನೆ ಎಂದು ಮಗಳು ಎಲ್ಲರಿಗೂ ಮೊದಲೇ ಹೇಳಿದ್ದಳು. ಫೋನನ್ನು ಒಗೆಯುವ ಕಲ್ಲಿಗೆ ಒರಗಿಸಿಟ್ಟಳು. ಸೋಗೆಗೆ ಕೈ ಹಾಕಿದರೆ ಮೇಲಿಂದ ತಳದವರೆಗೂ ಹಸಿ ಹಸಿ. ಮಟ್ಟೆ ಹಿಂಡಿದರೆ ನೀರು. ಕಡ್ಡಿ ಮೇಲೆ ಕಡ್ಡಿ ಗೀರಿದಳು, ಹೊಗೆಯೂ ಬರಲಿಲ್ಲ. ಅದೇ ಹೊತ್ತಿಗೆ ಕಾರು ಬಂದು ನಿಂತಿತು. ಅತ್ತೆ ಮತ್ತು ಯಜಮಾನರು ಮನೆಯ ಪಕ್ಕದಿಂದ ಹಿತ್ತಲಿಗೆ ಬಂದು, ಏನನ್ನೂ ಮುಟ್ಟದೆ, ನುಗ್ಗೆಮರದ ಕೆಳಗೆ ದೂರ ನಿಂತರು.

"ಕಾದದೇನೇ ನೀರು?"

"ಐದ್ ನಿಮ್ಷ ಅಜ್ಜಿ!"

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದೆ. ಗೀಸರ್ ನನ್ನದಾಯಿತು ಎಂದು ಒಳಗೊಳಗೇ ಖುಷಿ, ಮಗಳ ಮುಖ ನೋಡಿ ಅಷ್ಟೇ ಸಂಕಟ. ಅವಳು ಅಳುವ ಹಾಗಿದ್ದಳು. ಇದ್ದಕ್ಕಿದ್ದ ಹಾಗೆ ಎದ್ದು ನನ್ನನ್ನು ಸರಿಸಿಕೊಂಡು ಒಳಗೆ ಓಡಿದಳು. ಅಟ್ಟದ ಏಣಿ ಕಿರುಗುಟ್ಟಿತು. ಕೆಳಗೆ ಬಂದಾಗ ಮಡಿಲ ತುಂಬ ಏಳೆಂಟು ಒಣಕಾಯಿ. ಬೂದುಬಣ್ಣದ ಸಿಪ್ಪೆ, ಹತ್ತಿಯಷ್ಟು ಹಗುರ. "ಹಳೇವು, ನೀರೇ ಇಲ್ಲ. ಅಲ್ಲಾಡ್ಸಿದ್ರೆ ಒಳಗೆ ಗಡಗಡ ಅಂತದೆ, ಹಾಳಾಗೋಗಿವೆ" ಎನ್ನುತ್ತಾ ಅವಳು, ನಾನು ಬಾಯಿ ತೆಗೆಯುವಷ್ಟರಲ್ಲಿ ಎಲ್ಲವನ್ನೂ ಒಲೆಗೆ ತುರುಕಿ ಕಡ್ಡಿ ಗೀರಿದಳು.

ತೆಂಗಿನ ಸೀಮೆಯವರಿಗೆ ಇಲ್ಲಿ ವಿವರಿಸಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಒಳ್ಳೆ ಬಲಿತ ಕಾಯಿಗಳನ್ನು ಆರಿಸಿ, ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ, ಒಂದು ವರ್ಷ ಯಾರೂ ಮುಟ್ಟದೆ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಕೊಬ್ಬರಿಯಾಗುತ್ತದೆ. ಗಡಗಡ ಎಂದಿತೆಂದರೆ ಹಾಳಾಯಿತೆಂದಲ್ಲ, ಹಣ್ಣಾಯಿತೆಂದು ಅರ್ಥ. ಅವು ಅತ್ತೆ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ಮೊಮ್ಮಗುವಿನಂತೆ ಸಾಕಿಕೊಂಡಿದ್ದ ಕೊಬ್ಬರಿ.

ಎಣ್ಣೆಯ ಪದಾರ್ಥ, ಕೇಳಬೇಕೆ? ಒಲೆ ಬಾಯಿಂದ ಮೊಳದುದ್ದ ಜ್ವಾಲೆ ಹೊರಬಂತು. ನನ್ನ ಜನ್ಮದಲ್ಲಿ ಆ ಹಂಡೆ ಅಷ್ಟು ಬೇಗ ಬಿಸಿಯಾಗಿದ್ದನ್ನು ನಾನು ಕಂಡಿಲ್ಲ. ಒಂದು ಕಾಯಿ 'ಢಬ್' ಎಂದು ಸಿಡಿಯಿತು. ಫೋನಿನೊಳಗೆ ಚಪ್ಪಾಳೆ. ಮಗಳು ಸೊಂಟಕ್ಕೆ ಕೈ ಇಟ್ಟುಕೊಂಡು ವಿಜಯದ ನಗೆ ನಕ್ಕಳು. ಆಗ ಹುರಿದ ಕೊಬ್ಬರಿಯ ಪರಿಮಳ ಹಿತ್ತಲೆಲ್ಲ ಹರಡಿ, ನುಗ್ಗೆಮರದ ಕೆಳಗೆ ನಿಂತಿದ್ದ ಅತ್ತೆಯ ಮೂಗಿಗೆ ಹೋಯಿತು.

"ಅಯ್ಯೋ! ನನ್ ಕೊಬ್ರಿ ಕಣ್ರೇ! ಎಳೀರೇ ಆಚಿಗೆ! ಎಳೀರೇ!"

ಅವರು ಮೈಲಿಗೆಯಲ್ಲಿದ್ದಾರೆ, ಹತ್ತಿರ ಬರುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ನಿಂತಲ್ಲೇ ಕೈ ಬಡಿಯುತ್ತಾ, ಕಾಲು ಕುಟ್ಟುತ್ತಾ ಕೂಗಿದರು. ಮಂಡಿನೋವು ಆ ಕ್ಷಣ ಎಲ್ಲಿ ಹೋಗಿತ್ತೋ. ಫಿನ್‌ಲ್ಯಾಂಡಿನ ಹುಡುಗಿ ಇದೂ ಸಂಪ್ರದಾಯದ ಒಂದು ಭಾಗವೆಂದು ತಿಳಿದು, ಹಿರಿಯರು ಹಾಡುತ್ತಿದ್ದಾರಾ ಎಂದು ಕೇಳಿದಳು. ಅವಳ ಮಾತಿನ ಮೇಲೆ ಇನ್ನೊಂದು ದನಿ ಎದ್ದಿತು. ಅದು ಫಿಲಿಪೈನ್ಸಿನ ಹುಡುಗನದು. ಅಲ್ಲಿಯವರೆಗೆ ಯಾವ ಮೀಟಿಂಗಿನಲ್ಲೂ ನಾಲ್ಕು ಮಾತು ಆಡದ ಪಾಪದ ಹುಡುಗ. ಅವನು ಕುರ್ಚಿಯಿಂದ ಎದ್ದು ನಿಂತು, ಪರದೆಗೆ ಬೆರಳು ಚುಚ್ಚಿ, ನಿಲ್ಲಿಸಿ, ನಿಲ್ಲಿಸಿ, ಅದು ಕೊಬ್ಬರಿ ಎಂದು ಅರಚುತ್ತಿದ್ದ. ಅವನ ತಾತನಿಗೂ ತೆಂಗಿನ ತೋಟವಂತೆ, ಕೊಬ್ಬರಿ ಮಾಡಿಯೇ ಮನೆ ಕಟ್ಟಿದವರಂತೆ. ಒಂಬತ್ತು ದೇಶದಲ್ಲಿ ನಮ್ಮ ಅತ್ತೆಯ ಸಂಕಟ ಅರ್ಥವಾದದ್ದು ಅವನೊಬ್ಬನಿಗೆ. ಇಬ್ಬರೂ ಒಬ್ಬರಿಗೊಬ್ಬರು ಕೇಳಿಸದೆ, ಎರಡು ಭಾಷೆಯಲ್ಲಿ, ಒಂದೇ ಕೊಬ್ಬರಿಗೆ ಬಾಯಿ ಬಡಿದುಕೊಂಡರು.

ನಾನು ಇಕ್ಕಳ ಹಿಡಿದು ಒಂದೊಂದೇ ಉರಿಯುವ ಕಾಯಿಯನ್ನು ಎಳೆದು ಮಣ್ಣಿಗೆ ಉರುಳಿಸಿದೆ. ಉಳಿದದ್ದು ಎರಡೋ ಮೂರೋ. ಆದರೆ ನೀರು ಕುದಿಯುತ್ತಿತ್ತು. ಅತ್ತೆ ಗೊಣಗುತ್ತಲೇ ಮಿಂದು, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಹೊರಗೆ ಬಂದು, ಯಜಮಾನರಿಗೆ ತೀರ್ಪು ಕೊಟ್ಟರು: "ಆ ಗೀಸರ್‌ನ ಹಾಕ್ಸ್‌ಬುಡ್ಲಾ. ಇವತ್ ಕೊಬ್ರಿ ಹಾಕವ್ಳೆ, ನಾಳೆ ನನ್ನೂ ಹಾಕ್ತಾಳೆ!"

ನನ್ನ ಹಾದಿ ಸಲೀಸಾಯಿತು. ಆದರೂ ಮೀಟಿಂಗು ಇನ್ನೂ ಮುಗಿದಿರಲಿಲ್ಲ. ಕೊನೆಗೆ ಪ್ರತಿಯೊಬ್ಬರೂ ಎರಡು ನಿಮಿಷ ಮಾತಾಡಬೇಕಿತ್ತು. ಮಗಳ ಸರದಿ ಬಂತು. ಮುಖಕ್ಕೆ ಮಸಿ, ಲಂಗಕ್ಕೆ ಮಸಿ. ಬರೆದಿಟ್ಟುಕೊಂಡಿದ್ದ ಚೀಟಿಯನ್ನು ತೆಗೆಯಲಿಲ್ಲ. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದರಿಂದ ನನಗೂ ಎಲ್ಲ ಅರ್ಥವಾಯಿತು.

"ನಾನು ಮೊದಲು ನಿಮಗೆ, ನಾವು ಹೀಗೆ ನೀರು ಕಾಯಿಸುತ್ತೇವೆ ಎಂದಿದ್ದೆ. ಅದು ತಪ್ಪು. ನಾವು ಕಾಯಿಸುತ್ತಿರಲಿಲ್ಲ. ನನ್ನಮ್ಮ ಕಾಯಿಸುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಬಿಸಿನೀರಲ್ಲಿ ಸ್ನಾನ ಮಾಡಿದ್ದೇನೆ, ಈ ಎರಡು ವಾರಕ್ಕೆ ಮೊದಲು ಒಂದು ಸಲವೂ ಒಲೆ ಹಚ್ಚಿರಲಿಲ್ಲ. ಪರಿಹಾರ ಅಂತ ತೋರಿಸುವ ಮೊದಲು ಅದನ್ನು ಹೇಳಬೇಕಿತ್ತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದೇ ಒಳ್ಳೆಯದಾಯಿತು. ಕೀನ್ಯಾದ ಹುಡುಗಿ, ನಿನ್ನ ಅಮ್ಮನಿಗೆ ಏನು ಬೇಕು ಎಂದು ಕೇಳಿದಳು. ಮಗಳು ಫೋನು ನನ್ನ ಕಡೆ ತಿರುಗಿಸಿದಳು. ಎಂಟು ಮುಖ ನನ್ನನ್ನೇ ನೋಡುತ್ತಿದ್ದವು. ಗೀಸರ್ ಬೇಕು ಎಂದು ಮನೆಯವರಿಗೆಲ್ಲ ಸಾವಿರ ಸಲ ಹೇಳಿದವಳು ನಾನು, ನಿನಗೆ ಏನು ಬೇಕು ಎಂದು ಕೇಳಿಸಿಕೊಂಡದ್ದು ಅದೇ ಮೊದಲು. "ಸ್ವಿಚ್" ಎಂದೆ, ಅಷ್ಟೇ. ಓಟು ಕೇಳದೆಯೇ ಎಲ್ಲರೂ ಕೈ ಎತ್ತಿದರು. ಅವತ್ತು ಯಾರ ಪರದೆಯೂ ನಿಂತುಹೋಗಲಿಲ್ಲ.

ಫೋನು ಆರಿದ ಮೇಲೆ ನನ್ನ ಮನಸ್ಸು ತಡೆಯಲಿಲ್ಲ. "ಸೋಗೆ ನೆಂದಿದ್ದು ನನ್ನಿಂದ ಕಣೇ. ಮೋಡ ನೋಡ್ದೆ. ಬೇಕೂ ಅಂತಾನೇ ಮುಚ್ಲಿಲ್ಲ" ಎಂದೆ.

"ಗೊತ್ತು ಬುಡಮ್ಮ. ನೀನ್ ಕಿಟಕೀಲಿ ಟೀ ಕುಡೀತಾ ನಿಂತಿದ್ದೆ. ನಾನ್ ರೂಮಿಂದ ನೋಡ್ದೆ."

"ಮತ್ ನೀನ್ಯಾಕೇ ಮುಚ್ಲಿಲ್ಲ?"

"ನಂಗೂ ಸಾಕಾಗಿತ್ತು. ಎಲ್ರ ಮುಂದೆ ಸೋಲೋಕ್ ಮಾತ್ರ ಆಗ್ಲಿಲ್ಲ" ಎಂದಳು.

ಆ ವಾರವೇ ಪ್ಲಂಬರ್ ಬಂದ. ಗೀಸರ್ ಹಾಕಿದ ಮಾರನೆಯ ಬೆಳಿಗ್ಗೆ ಐದಕ್ಕೆ, ಅಭ್ಯಾಸದ ಮೇಲೆ, ನನಗೆ ಎಚ್ಚರವಾಯಿತು. ಹೋಗಿ ಸ್ವಿಚ್ಚು ಒತ್ತಿದೆ. ಕೆಂಪು ದೀಪ ಹತ್ತಿತು. ನೀರು ಕಾಯುವವರೆಗೆ ಮಾಡಲು ಏನೂ ಇರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಮಗಳೂ ಕಣ್ಣುಜ್ಜಿಕೊಂಡು ಬಂದು ಪಕ್ಕದಲ್ಲಿ ಕೂತಳು. ಎರಡು ವಾರದ ಅಭ್ಯಾಸ ಅವಳನ್ನೂ ಎಬ್ಬಿಸಿತ್ತು.

"ಅಮ್ಮ, ದಿನಾ ಈ ಹೊತ್ತಲ್ಲಿ ಒಬ್ಳೇ ಊದ್ತಾ ಏನ್ ಯೋಚ್ನೆ ಮಾಡ್ತಿದ್ದೆ?" ಎಂದಳು.

ಸಾರಿಗೆ ಏನು ಹಾಕುವುದು, ಶಾಲೆಯಲ್ಲಿ ಯಾವ ಪಾಠ ಎಂದು ಏನಾದರೂ ಹೇಳಿ ತೇಲಿಸಬಹುದಿತ್ತು. ತೇಲಿಸಲಿಲ್ಲ.

"ಒಂದಿನ ನೀನ್ ಎದ್ ಬಂದು, ಸರ್‍ಕೋ ಅಮ್ಮ, ನಾನ್ ಊದ್ತೀನಿ ಅಂತೀಯೇನೋ ಅಂತ."

ಅವಳು ಉಗುರಿನ ಸಂದಿಯ ಮಸಿ ಕೆರೆದಳು. ಆಮೇಲೆ, "ಕರೀಬೇಕಿತ್ತು" ಎಂದಳು.

"ಕರೆದಿದ್ರೆ ಬರ್ತಿದ್ಯಾ?"

ಯೋಚನೆ ಮಾಡಿದಳು. "ಇಲ್ಲ" ಎಂದಳು.

ಅವಳ ಬೆನ್ನಿಗೊಂದು ಗುದ್ದಿ, ಮನೆಯವರೆಲ್ಲರಿಗಿಂತ ಮೊದಲು ನಾನು ಸ್ನಾನಕ್ಕೆ ಹೋದೆ.